ಮೊದಲು ಬ್ರೇಕ್, ಆಮೇಲೆ ಮಾತು

"ಅಪ್ಪಾ, ಗೇರ್ ಆ ಕಡೆ ಇಲ್ಲ! ಈ ಕಡೆ, ಈ ಕಡೆ!" ಗಿಣಿ ಕಿರುಚಿದಳು.

ಅಪ್ಪನ ಎಡಗೈ ಗಾಳಿಯಲ್ಲಿ ಏನನ್ನೋ ಹುಡುಕಿತು. ಏನೂ ಸಿಗಲಿಲ್ಲ. ಪೆಚ್ಚಾಗಿ ವಾಪಸು ಬಂತು. ಹಿಂದಿನ ಸೀಟಿನಲ್ಲಿದ್ದ ತಮ್ಮ ಗುಂಡ ಬಿದ್ದು ಬಿದ್ದು ನಕ್ಕ.

ಕಾರು ಇದ್ದದ್ದು ಮನೆಯ ಹಾಲ್‌ನಲ್ಲಿ. ಊಟದ ಮೇಜಿನ ನಾಲ್ಕು ಕುರ್ಚಿಗಳೇ ಕಾರು. ದೊಡ್ಡ ಪಾತ್ರೆಯ ಮುಚ್ಚಳ ಸ್ಟೀರಿಂಗ್. ಅಪ್ಪನ ಬಲಗಡೆ ಒಂದು ಬಕೆಟ್, ಅದರೊಳಗೆ ನಿಲ್ಲಿಸಿದ ಕೊಡೆ ಗೇರು. ಕೊಡೆ ಅಲ್ಲಾಡಬಾರದೆಂದು ಅಮ್ಮ ಬಕೆಟ್ಟಿಗೆ ಹಳೇ ಬಟ್ಟೆ ತುರುಕಿದ್ದಳು.

ರಜೆಗೆ ಅವರು ಬೇರೆ ದೇಶಕ್ಕೆ ಹೋಗುವವರಿದ್ದರು. ವಿಮಾನದಿಂದ ಇಳಿದು, ಅಲ್ಲೇ ಬಾಡಿಗೆ ಕಾರು ಹಿಡಿದು, ಬೆಟ್ಟದ ರಸ್ತೆಯಲ್ಲಿ ಸಮುದ್ರದ ತನಕ ಹೋಗುವುದು. ಆದರೆ ಆ ದೇಶದಲ್ಲಿ ಎಲ್ಲಾ ಉಲ್ಟಾ. ಇಲ್ಲಿ ರಸ್ತೆಯ ಎಡಕ್ಕೆ ಓಡುವ ಗಾಡಿಗಳು ಅಲ್ಲಿ ಬಲಕ್ಕೆ ಓಡುತ್ತವೆ. ಇಲ್ಲಿ ಡ್ರೈವರ್ ಕೂರುವ ಕಡೆ ಅಲ್ಲಿ ಪಕ್ಕದವರು ಕೂರುತ್ತಾರೆ. ಅದಕ್ಕೇ ಈ ಪ್ರಾಕ್ಟೀಸು.

ಅಪ್ಪನಿಗೆ ಡ್ರೈವಿಂಗ್ ಹೊಸದೇನಲ್ಲ. ಗಿಣಿ ಹುಟ್ಟುವ ಮೊದಲಿನಿಂದಲೂ ಅವನು ಬೇಕರಿಯ ವ್ಯಾನ್ ಓಡಿಸುತ್ತಿದ್ದ. ಊರು ಏಳುವ ಮೊದಲೇ ಎದ್ದು ಅಂಗಡಿ ಅಂಗಡಿಗೆ ಬ್ರೆಡ್ಡು ಹಾಕಿ ಬರುತ್ತಿದ್ದ. "ಇಷ್ಟು ವರ್ಷ ಬನ್ನು ಬ್ರೆಡ್ಡನ್ನೇ ಸುತ್ತಾಡಿಸಿದ್ದಾಯ್ತು. ಒಂದ್ಸಲನಾದ್ರೂ ನಿಮ್ಮನ್ನ ಸುತ್ತಾಡಿಸ್ಬೇಕು ಕಣ್ರೋ" ಎನ್ನುತ್ತಿದ್ದ.

ಗಿಣಿ ಎಂದು ಮಗಳನ್ನು ಮೊದಲು ಕರೆದವನೂ ಅವನೇ. ಬಾಯಿ ಮುಚ್ಚದ ಮಗಳಿಗೆ ಮತ್ತೇನು ಅನ್ನಬೇಕು? ಆ ಬಾಯಿಗೆ ಈಗ ದೊಡ್ಡ ಕೆಲಸವೇ ಸಿಕ್ಕಿತ್ತು. ಮ್ಯಾಪ್ ನೋಡಿ ದಾರಿ ಹೇಳುವ ನ್ಯಾವಿಗೇಟರ್ ಅವಳು! ರಸ್ತೆ ಬೋರ್ಡುಗಳ ಚಿತ್ರ ಬರೆದು, ರಟ್ಟಿಗೆ ಅಂಟಿಸಿ, ಒಂದೊಂದನ್ನೇ ಎತ್ತಿ ಹಿಡಿಯುತ್ತಿದ್ದಳು.

"ಒಂದು ರೂಲ್ ನೆನಪಿರ್ಲಿ" ಎಂದು ಅಪ್ಪ ಮೊದಲ ದಿನವೇ ಹೇಳಿದ್ದ. "ನ್ಯಾವಿಗೇಟರ್ ಸ್ಟಾಪ್ ಅಂದ್ರೆ ಡ್ರೈವರ್ ನಿಲ್ಲಿಸ್ಲೇಬೇಕು. ಯಾಕೆ, ಏನು ಅಂತ ಕೇಳೋ ಹಾಗಿಲ್ಲ. ಮೊದ್ಲು ಬ್ರೇಕ್, ಆಮೇಲೆ ಮಾತು."

"ನಾನು ಸ್ಟಾಪ್ ಅಂದ್ರೆ?" ಗುಂಡ ಕೇಳಿದ್ದ.

"ನೀನು ಹೇಳೋದು ಐಸ್‌ಕ್ರೀಮ್ ಅಂಗಡಿ ಕಂಡಾಗ ಮಾತ್ರ. ಅದು ಲೆಕ್ಕಕ್ಕಿಲ್ಲ."

ಇಷ್ಟೆಲ್ಲ ನಗುವಿನ ನಡುವೆ ಗಿಣಿ ಒಂದು ಮಾತನ್ನು ಬಚ್ಚಿಟ್ಟುಕೊಂಡಿದ್ದಳು. ಯಾರಿಗೂ ಹೇಳುವಂತಿರಲಿಲ್ಲ.

ಅದು ಹೋದ ವಾರದ ಮಾತು. ಅಪ್ಪ ಎಂದಿನಂತೆ ಅವಳನ್ನು ವ್ಯಾನಿನಲ್ಲಿ ಸ್ಕೂಲಿಗೆ ಬಿಡಲು ಹೊರಟಿದ್ದ. ರಸ್ತೆ ನೆಟ್ಟಗಿತ್ತು. ಗಿಣಿ ಏನೋ ವಟಗುಟ್ಟುತ್ತಿದ್ದಳು. ಅಪ್ಪ ಹೂಂಗುಟ್ಟುವುದು ನಿಂತಿತು. ತಿರುಗಿ ನೋಡಿದರೆ ಅವನ ಕಣ್ಣು ತೆರೆದೇ ಇತ್ತು. ಆದರೆ ಆ ಕಣ್ಣು ಏನನ್ನೂ ನೋಡುತ್ತಿರಲಿಲ್ಲ. "ಅಪ್ಪಾ" ಎಂದಳು. "ಅಪ್ಪಾ!" ಎಂದು ಭುಜ ಅಲ್ಲಾಡಿಸಿದಳು. ವ್ಯಾನು ಮೆಲ್ಲಗೆ ಓರೆಯಾಗಿ, ಫುಟ್‌ಪಾತ್ ಹತ್ತಿ, ಕಸದ ಡಬ್ಬಿಗೆ ಗುದ್ದಿ ನಿಂತಿತು. ಹಿಂದೆ ಟ್ರೇಗಳೆಲ್ಲ ದಡದಡ ಬಿದ್ದವು.

"ಏನಾಯ್ತು?" ಎಂದು ಅಪ್ಪನೇ ಕೇಳಿದ್ದ. ಅವನಿಗೇ ಗೊತ್ತಿರಲಿಲ್ಲ! ಅದೇ ಗಿಣಿಗೆ ಹೆಚ್ಚು ಹೆದರಿಕೆಯಾದದ್ದು.

ಫುಟ್‌ಪಾತಿನ ಮೇಲೆ ಯಾರೂ ಇರಲಿಲ್ಲ. ಅಪ್ಪ ಇಳಿದು ಡಬ್ಬಿಯನ್ನು ಎತ್ತಿ ನಿಲ್ಲಿಸಿದ. ವಾಪಸು ಬಂದು ಕೂತ. "ನಿದ್ದೆ ಸಾಲ್ತಾ ಇಲ್ಲ, ಅಷ್ಟೇ. ಅಮ್ಮಂಗೆ ಹೇಳ್ಬೇಡ ಪುಟ್ಟಿ. ಸುಮ್ನೆ ಗಾಬರಿಯಾಗ್ತಾಳೆ. ಟ್ರಿಪ್ ಮುಗಿಸ್ಕೊಂಡು ಬಂದ್ಮೇಲೆ ಡಾಕ್ಟರ್ ಹತ್ರ ಹೋಗ್ತೀನಿ. ಪ್ರಾಮಿಸ್."

ಗಿಣಿ ತಲೆಯಾಡಿಸಿದ್ದಳು. ಅಂದಿನಿಂದ ಆ ಮಾತು ಬಾಯಲ್ಲಿಟ್ಟ ಬಿಸಿ ತುಪ್ಪ. ನುಂಗಲೂ ಆಗದು, ಉಗುಳಲೂ ಆಗದು. ಹೇಳಿದರೆ ಟ್ರಿಪ್ ಹೋಗುತ್ತದೆ. ವ್ಯಾನೂ ಹೋಗುತ್ತದೇನೋ. ಹೇಳದಿದ್ದರೆ? ಅದನ್ನು ಯೋಚಿಸಲು ಹೊರಟರೆ ಅವಳಿಗೆ ಬೆಟ್ಟದ ರಸ್ತೆಯ ತಿರುವೇ ಕಣ್ಣಿಗೆ ಬರುತ್ತಿತ್ತು.

ತಯಾರಿ ಮಾತ್ರ ಜೋರಾಗಿ ನಡೆಯುತ್ತಿತ್ತು. ಹೊರದೇಶದಲ್ಲಿ ಓಡಿಸಲು ಬೇಕಾದ ಪರ್ಮಿಟ್ ಬಂತು. ಅದರಲ್ಲಿದ್ದ ತನ್ನ ಫೋಟೋವನ್ನು ಅಪ್ಪ ಎದುರು ಮನೆಯವರಿಗೂ ತೋರಿಸಿ ಬಂದ. ಕಾರು ಕೆಟ್ಟು ನಿಂತರೆ ರಸ್ತೆಯಲ್ಲಿಡಲು ಕೆಂಪು ತ್ರಿಕೋನ ಬಂತು. ರಾತ್ರಿ ಬೆಳಕು ಬಿದ್ದರೆ ಹೊಳೆಯುವ ಹಳದಿ ಜಾಕೆಟ್‌ಗಳು ಬಂದವು. ಕಾರಿನಲ್ಲಿರುವ ಪ್ರತಿಯೊಬ್ಬರಿಗೂ ಒಂದೊಂದು ಇರಬೇಕು, ಅದೂ ಕೈಗೆ ಸಿಗುವ ಹಾಗಿರಬೇಕು ಎನ್ನುವುದು ಆ ದೇಶದ ಕಾನೂನು.

ಗುಂಡನ ಜಾಕೆಟ್ ಅವನ ಮೊಣಕಾಲು ದಾಟುತ್ತಿತ್ತು. "ಇದೇನು ಜಾಕೆಟ್ಟೋ, ನೈಟಿಯೋ?" ಎಂದು ಅಮ್ಮ ನಕ್ಕಳು. ಅಮ್ಮ ಟೈಲರ್. ಊರವರ ಪ್ಯಾಂಟುಗಳನ್ನೆಲ್ಲ ಗಿಡ್ಡ ಮಾಡುವ ಅವಳಿಗೆ ಇದೇನು ಮಹಾ? ಕತ್ತರಿ ಹಿಡಿದು ಮಕ್ಕಳಿಬ್ಬರ ಜಾಕೆಟ್ಟನ್ನೂ ಕತ್ತರಿಸಿದಳು.

ಆ ಸಂಜೆ ಅವಳು ಮೂಲೆಯ ಹೊಲಿಗೆ ಮಷಿನ್ನಿನಲ್ಲಿ ಗಿಣಿಯ ಜಾಕೆಟ್ಟಿಗೆ ಅಂಚು ಹೊಲಿಯುತ್ತಿದ್ದಳು. ಕುರ್ಚಿ ಕಾರು ಹೊರಟಿತ್ತು. ಗುಂಡ ಅರ್ಧ ಹೊಲಿದ ತನ್ನ ಜಾಕೆಟ್ಟನ್ನು ಹಾಕಿಕೊಂಡೇ ಹಿಂದೆ ಕೂತಿದ್ದ.

"ಮುಂದೆ ರೌಂಡ್‌ಅಬೌಟ್" ಎಂದು ಗಿಣಿ ಕಾರ್ಡ್ ಎತ್ತಿದಳು. "ಬಲಗಡೆಯಿಂದ ಒಳಗೆ ಹೋಗು ಅಪ್ಪಾ."

ಅಪ್ಪ ತಿರುಗಿಸಲಿಲ್ಲ.

"ಅಪ್ಪಾ, ರೌಂಡ್‌ಅಬೌಟ್!"

ಮುಚ್ಚಳ ಅಪ್ಪನ ಕೈಯಲ್ಲಿ ನಿಧಾನವಾಗಿ ವಾಲಿತು. ಅವನ ಕಣ್ಣು ಗೋಡೆಯ ಮೇಲಿತ್ತು. ತುಟಿ ಏನನ್ನೋ ಮೆಲ್ಲುವಂತೆ ಸಣ್ಣಗೆ ಅಲುಗುತ್ತಿತ್ತು. ಕೈ ಸಡಿಲಾಯಿತು. ಮುಚ್ಚಳ ಠಣ್ಣನೆ ನೆಲಕ್ಕೆ ಬಿದ್ದು, ಉರುಳುತ್ತಾ ಹೋಗಿ ಹೊಲಿಗೆ ಮಷಿನ್ನಿಗೆ ಬಡಿಯಿತು.

"ಡಮಾರ್!" ಗುಂಡ ಚಪ್ಪಾಳೆ ತಟ್ಟಿದ. "ಅಪ್ಪ ಮಲ್ಕೊಂಡ! ಕಾರು ಸಮುದ್ರಕ್ಕೆ ಬಿತ್ತು! ಎಲ್ರೂ ಸತ್ತೋದ್ವಿ!"

"ಸಾಕು ಮಾಡ್ರೀ ನಿಮ್ಮ ನಾಟಕ" ಎಂದು ಅಮ್ಮ ತಲೆಯೆತ್ತದೆಯೇ ನಕ್ಕಳು. "ಮುಚ್ಚಳ ನೆಗ್ಗಿದ್ರೆ ನೀವೇ ಹೊಸದು ತರ್ಬೇಕು."

ಅಪ್ಪ ಕಣ್ಣು ಮಿಟುಕಿಸಿದ. ಖಾಲಿ ಕೈಯನ್ನು ನೋಡಿಕೊಂಡ. ನೆಲದ ಮೇಲಿದ್ದ ಮುಚ್ಚಳವನ್ನು ನೋಡಿದ. ಆಮೇಲೆ ಗಿಣಿಯನ್ನು ನೋಡಿದ.

"ಹೆಂಗಿತ್ತು ನನ್ನ ಆ್ಯಕ್ಟಿಂಗು?" ಎಂದು ನಕ್ಕ.

ಅಪ್ಪ ಸುಳ್ಳು ಹೇಳುತ್ತಿದ್ದ. ಎಲ್ಲರ ಮುಂದೆ, ನಗುನಗುತ್ತಾ. ಅವಳು ಹಿಂದೆ ತಿರುಗಿದಳು. ಗುಂಡ ಹಳದಿ ಜಾಕೆಟ್ ಹಾಕಿಕೊಂಡು, ಕಾಲು ಆಡಿಸುತ್ತಾ, ಇನ್ನೊಂದು ಆ್ಯಕ್ಸಿಡೆಂಟಿಗೆ ಕಾಯುತ್ತಿದ್ದ.

"ಸ್ಟಾಪ್" ಎಂದಳು ಗಿಣಿ.

"ಏನೇ?"

"ಸ್ಟಾಪ್ ಅಪ್ಪಾ."

"ಕುರ್ಚಿ ನಿಂತೇ ಇದ್ಯಲ್ಲೇ, ಇನ್ನೆಲ್ಲಿ ನಿಲ್ಲಿಸ್ಲಿ?" ಅಪ್ಪ ಇನ್ನೂ ನಗುತ್ತಲೇ ಇದ್ದ. ಆದರೆ ಅವನ ಕಣ್ಣು ಬೇಡ, ಬೇಡ ಎನ್ನುತ್ತಿತ್ತು.

"ಯಾಕೆ ಅಂತ ಕೇಳೋ ಹಾಗಿಲ್ಲ. ನೀನೇ ಹೇಳಿದ್ದು." ಗಿಣಿ ಅಮ್ಮನ ಕಡೆ ತಿರುಗಿದಳು. "ಅಮ್ಮಾ, ಅದು ನಾಟಕ ಅಲ್ಲ. ವ್ಯಾನಲ್ಲೂ ಹೀಗೇ ಆಗಿತ್ತು. ಫುಟ್‌ಪಾತ್ ಮೇಲೆ ಹತ್ತಿಬಿಟ್ಟಿತ್ತು."

ಹೊಲಿಗೆ ಮಷಿನ್ ನಿಂತಿತು.

ಅಮ್ಮ ಗಿಣಿಯನ್ನು ಎಳೆದು ಗಟ್ಟಿಯಾಗಿ ತಬ್ಬಿಕೊಂಡಳು. "ಅವತ್ತೇ ಯಾಕೆ ಹೇಳ್ಲಿಲ್ಲ?" ಎಂದು ಬೈದಳು. ತಬ್ಬಿಕೊಂಡೇ ಬೈದಳು. ಅಪ್ಪ ಎದ್ದು ಕುರ್ಚಿಗಳನ್ನು ಒಂದೊಂದಾಗಿ ಮೇಜಿನ ಕೆಳಗೆ ತಳ್ಳಿದ. ಬಕೆಟ್ಟಿನಿಂದ ಕೊಡೆ ತೆಗೆದು ಬಾಗಿಲ ಹಿಂದೆ ತೂಗುಹಾಕಿದ.

ಡಾಕ್ಟರು ತಲೆಗೆ ವೈರುಗಳನ್ನು ಅಂಟಿಸಿ ಪರೀಕ್ಷೆ ಮಾಡಿದರು. ಗಳಿಗೆ ಹೊತ್ತು ಎಚ್ಚರ ತಪ್ಪಿಸುವ ಒಂದು ಬಗೆಯ ಮೂರ್ಛೆ ರೋಗ ಎಂದರು. ಮಾತ್ರೆ ಕೊಟ್ಟರು. "ಇದಕ್ಕೆ ಔಷಧ ಇದೆ, ಹೆದರ್ಬೇಡಿ. ಆದ್ರೆ ನಾನು ಹೇಳೋ ತನಕ ಸ್ಟೀರಿಂಗ್ ಮುಟ್ಟೋ ಹಾಗಿಲ್ಲ" ಎಂದರು.

"ಯಾವಾಗ ಹೇಳ್ತೀರಾ ಸಾರ್?" ಅಪ್ಪ ಕೇಳಿದ.

"ಈ ವರ್ಷದ ಮಾತಂತೂ ಅಲ್ಲ. ಆಮೇಲೂ ನೋಡ್ಬೇಕು."

ಬೇಕರಿಯ ಯಜಮಾನರು ಅಪ್ಪನನ್ನು ಕೆಲಸದಿಂದ ತೆಗೆಯಲಿಲ್ಲ, ಪುಣ್ಯ. ಒಲೆಯ ಹತ್ತಿರ ಟ್ರೇ ಎತ್ತಿಡುವ ಕೆಲಸ ಕೊಟ್ಟರು. ವ್ಯಾನಿಗೆ ಬೇರೆ ಡ್ರೈವರ್ ಬಂದ. ಟ್ರಿಪ್ ಕ್ಯಾನ್ಸಲ್ ಆಯಿತು. ಕೆಂಪು ತ್ರಿಕೋನವನ್ನು ಅಂಗಡಿಯವನು ವಾಪಸು ತೆಗೆದುಕೊಂಡ. ಮಕ್ಕಳ ಜಾಕೆಟ್‌ಗಳನ್ನು ತಿರುಗಿಸಿ ನೋಡಿ, "ಕತ್ತರಿಸಿದ್ದನ್ನ ಯಾರಮ್ಮಾ ತಗೋತಾರೆ?" ಎಂದ.

ಸ್ಕೂಲಿನಲ್ಲಿ ಎಲ್ಲರೂ "ಯಾವತ್ತು ಹೊರಡ್ತೀಯಾ?" ಎಂದು ಕೇಳುತ್ತಿದ್ದರು. ಊರೆಲ್ಲ ಡಂಗುರ ಹೊಡೆದವಳು ಅವಳೇ ತಾನೇ! "ಹೋಗ್ತಿಲ್ಲ" ಎಂದಷ್ಟೇ ಹೇಳಿ ಗಿಣಿ ಬ್ಯಾಗಿನಲ್ಲಿ ಇಲ್ಲದ ಪೆನ್ಸಿಲ್ ಹುಡುಕುತ್ತಿದ್ದಳು. ಮನೆಯಲ್ಲಿ ಗುಂಡ ಮುಖ ಊದಿಸಿಕೊಂಡಿದ್ದ. "ನಿನ್ನಿಂದಾನೇ ಎಲ್ಲಾ ಹಾಳಾಯ್ತು. ಚಾಡಿಕೋರಿ!" ಎಂದ. ಗಿಣಿ ತಿರುಗಿ ಬೈಯಲಿಲ್ಲ. ಅವನು ಹೇಳಿದ್ದರಲ್ಲಿ ಸುಳ್ಳೇನಿದೆ ಅನ್ನಿಸಿತು.

ಎಲ್ಲಕ್ಕಿಂತ ಕಷ್ಟವಾದದ್ದು ಅಪ್ಪನ ಮೌನ. ಅವನು ಬೈಯಲಿಲ್ಲ, ಸಿಟ್ಟೂ ತೋರಿಸಲಿಲ್ಲ. ಊಟಕ್ಕೆ ಕೂತಾಗ "ನೀರು ಕೊಡು" ಎಂದರೆ ಅಷ್ಟೇ. ಗಿಣಿ ಎಂದು ಕರೆಯುವುದನ್ನೇ ಬಿಟ್ಟಿದ್ದ. ಗಿಣಿಯ ಬಾಯಿಯೂ ಕಟ್ಟಿಹೋಗಿತ್ತು. ಒಂದು ಮಾತು ಹೇಳಿದ್ದಕ್ಕೇ ಇಷ್ಟಾಗಿರುವಾಗ ಇನ್ನೊಂದು ಮಾತು ಯಾಕಾದರೂ ಆಡಬೇಕು?

ಇನ್ನು ಸ್ಕೂಲಿಗೆ ವ್ಯಾನ್ ಇರಲಿಲ್ಲ. ಅಪ್ಪನ ಕೆಲಸವೂ ಈಗ ತಡವಾಗಿ ಶುರುವಾಗುತ್ತಿತ್ತು. ಆದ್ದರಿಂದ ಇಬ್ಬರೂ ಬಸ್ಸಿಗೆ ಹೋಗಬೇಕಾಯಿತು.

ಮೊದಲ ದಿನ ಬಸ್‌ಸ್ಟಾಪಿನಲ್ಲಿ ನಿಂತಿದ್ದಾಗ ಬೇಕರಿ ವ್ಯಾನು ಆ ಕಡೆಯಿಂದ ಬಂತು. ಹೊಸ ಡ್ರೈವರ್ ಅಪ್ಪನನ್ನು ನೋಡಿ, ಪಾಪ, ಒಳ್ಳೆಯ ಮನಸ್ಸಿನಿಂದಲೇ ಹಾರ್ನ್ ಹೊಡೆದ. ಅಪ್ಪ ಕೈಯೆತ್ತಿದ. ವ್ಯಾನು ತಿರುವು ದಾಟಿ ಹೋದ ಮೇಲೂ ಆ ಕೈಯನ್ನು ಇಳಿಸಲು ಮರೆತವನಂತೆ ನಿಂತಿದ್ದ. ಗಿಣಿ ತನ್ನ ಶೂ ನೋಡುತ್ತಾ ನಿಂತಳು. ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಿಬಿಡೋಣ ಅನ್ನಿಸುತ್ತಿತ್ತು.

ಬಸ್ಸಿನಲ್ಲಿ ಡ್ರೈವರಿನ ಹಿಂದಿನ ಸೀಟೇ ಸಿಕ್ಕಿತು. ಅಪ್ಪ ಕಿಟಕಿಯ ಕಡೆ ಕೂತ. ಗಿಣಿ ನಡುವೆ ಜಾಗ ಬಿಟ್ಟು ಈ ತುದಿಗೆ ಕೂತಳು.

ಸಿಗ್ನಲ್ ಬಂತು. ಬಸ್ಸು ನಿಧಾನವಾಯಿತು. ಆಗ ಗಿಣಿಯ ಕಣ್ಣು ಕೆಳಗೆ ಹೋಯಿತು. ಅಪ್ಪನ ಬಲಗಾಲು ನೆಲವನ್ನು ಒತ್ತುತ್ತಿತ್ತು. ಅಲ್ಲಿ ಬ್ರೇಕ್ ಇರಲಿಲ್ಲ, ಬರೀ ತಗಡು ಇತ್ತು. ಬಸ್ಸು ಹೊರಟಿತು. ಕಾಲು ಸಡಿಲವಾಯಿತು. ಮುಂದೆ ಒಂದು ನಾಯಿ ಅಡ್ಡ ಬಂತು. ಬಸ್ಸಿನ ಡ್ರೈವರಿಗಿಂತ ಮೊದಲೇ ಅಪ್ಪನ ಕಾಲು ಒತ್ತಿತ್ತು.

ಅಪ್ಪನಿಗೆ ಅದು ಗೊತ್ತೇ ಇರಲಿಲ್ಲ. ಅವನು ಡ್ರೈವರಿನ ಹೆಗಲ ಮೇಲಿಂದ ರಸ್ತೆಯನ್ನೇ ನೋಡುತ್ತಿದ್ದ. ಕಾಲು ಮಾತ್ರ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು.

ಅಪ್ಪನಿಗೆ ತನ್ನ ಮೇಲೆ ಸಿಟ್ಟು ಎಂದೇ ಗಿಣಿ ಇಷ್ಟು ದಿನ ಅಂದುಕೊಂಡಿದ್ದಳು. ಆ ಕಾಲನ್ನು ನೋಡಿದಾಗ ಅದು ಸಿಟ್ಟಲ್ಲ, ಸ್ಟೀರಿಂಗ್ ಕೈಬಿಟ್ಟುಹೋದ ದುಃಖ ಅನ್ನಿಸಿತು.

ಅವಳು ಮೆಲ್ಲಗೆ ಸರಿದು ಅಪ್ಪನ ಪಕ್ಕ ಕೂತಳು. ಮುಂದಿನ ಸ್ಟಾಪ್ ಬಂದಾಗ ತನ್ನ ಬಲಗಾಲನ್ನು ಅಪ್ಪನ ಕಾಲಿನ ಪಕ್ಕ ಇಟ್ಟು ಧಡ್ಡನೆ ಒತ್ತಿದಳು.

ಅಪ್ಪ ಕೆಳಗೆ ನೋಡಿದ. ಎರಡು ಕಾಲುಗಳನ್ನೂ ನೋಡಿದ, ಒಂದು ದೊಡ್ಡ ಚಪ್ಪಲಿ, ಒಂದು ಸ್ಕೂಲ್ ಶೂ. ಬಸ್ಸು ನಿಂತು, ಜನ ಇಳಿದು, ಮತ್ತೆ ಹೊರಡುವ ತನಕ ನೋಡುತ್ತಲೇ ಇದ್ದ.

"ಅಷ್ಟು ಜೋರಾಗಿ ಒತ್ತಬಾರ್ದು ಗಿಣಿ" ಎಂದ ಕೊನೆಗೆ. "ಮೆತ್ತಗೆ ಒತ್ಬೇಕು. ಹಿಂದೆ ಕೂತೋರು ಮುಗ್ಗರಿಸ್ತಾರೆ."

ಮುಂದೆ ಮತ್ತೊಂದು ಸಿಗ್ನಲ್ ಕೆಂಪಾಯಿತು. ಇಬ್ಬರೂ ಮೆತ್ತಗೆ ಒತ್ತಿದರು.