ಕಿಟಕಿಕಟ್ಟೆಯ ಕಪ್ಪೆಚಿಪ್ಪು

ಟೈಲರಮ್ಮ ಠಾಣೆಯ ಮೇಜಿನ ಮೇಲೆ ಕಾಗದದ ಪೊಟ್ಟಣವೊಂದನ್ನು ಇಟ್ಟರು. ಯಾರೂ ಮುಟ್ಟಬಾರದು ಎಂದು ಮೊದಲೇ ಎಚ್ಚರಿಸಿದರು. ಒಳಗಿದ್ದದ್ದು ಅಂಗೈ ಅಗಲದ ಒಂದು ಕಪ್ಪೆಚಿಪ್ಪು.

“ಇದರ ಮೇಲೆ ನನ್ನ ಮಗನ ಬೆರಳಚ್ಚಿದೆ ಮೇಡಂ. ಕೈ ತಾಗಬಾರದು ಅಂತ ಕತ್ತರಿ ತುದೀಲಿ ಎತ್ತಿ ಹಾಕ್ಕೊಂಡು ಬಂದಿದೀನಿ. ಅವನು ಬದುಕಿದಾನೆ. ಯಾರೋ ಹಿಡಿದಿಟ್ಕೊಂಡಿದಾರೆ.”

ಕಾನ್‌ಸ್ಟೇಬಲ್ ನಗು ತಡೆಯಲು ಕೆಮ್ಮಿದ. ಇನ್ಸ್‌ಪೆಕ್ಟರ್ ಅವನನ್ನು ಚಹಾ ತರಲು ಓಡಿಸಿದರು. ಆಕೆಗೆ ಕೋಪ ಮೂಗಿನ ತುದಿಯಲ್ಲೇ. ಆದರೆ ತಾಯಂದಿರ ಮುಂದೆ ಆ ಕೋಪ ಬಾಲ ಮುದುರಿಕೊಂಡು ಕೂರುತ್ತಿತ್ತು.

ಮಗನ ವಿಷಯ ಊರಿಗೆಲ್ಲ ಗೊತ್ತಿದ್ದದ್ದೇ. ಸಮುದ್ರದ ತಳಕ್ಕೆ ಮುಳುಗಿ ಕಪ್ಪೆಚಿಪ್ಪು ಆಯುವುದು ಅವನ ಕೆಲಸ. ಆ ಕೆಲಸಕ್ಕೆ ಒಂದೇ ನಿಯಮ: ಒಬ್ಬ ಮುಳುಗಿದರೆ ಇನ್ನೊಬ್ಬ ದೋಣಿಯಲ್ಲಿ ಹಗ್ಗ ಹಿಡಿದು ಕೂರಬೇಕು. ಹಗ್ಗ ಹಿಡಿಯುತ್ತಿದ್ದವನು ಅವನ ಗೆಳೆಯ, ಈಗ ಊರಿನ ಮೆಕ್ಯಾನಿಕ್. ಆರು ವರ್ಷದ ಹಿಂದೆ ಒಂದು ದಿನ ತನಗೆ ಜ್ವರ, ಮನೆಯಲ್ಲೇ ಮಲಗಿದ್ದೆ ಎಂದು ಆ ಗೆಳೆಯ ಹೇಳಿಕೆ ಕೊಟ್ಟಿದ್ದ. ಮಗ ಒಬ್ಬನೇ ಹೋಗಿದ್ದ. ದೋಣಿ ದಕ್ಷಿಣದ ಕೊಲ್ಲಿಯಲ್ಲಿ ಮಗುಚಿಕೊಂಡು ಸಿಕ್ಕಿತು. ಕೊಲ್ಲಿಯನ್ನೆಲ್ಲ ಜಾಲಾಡಿದರೂ ಅವನು ಸಿಗಲಿಲ್ಲ.

ಟೈಲರಮ್ಮ ಹೇಳಿದ ಹೊಸ ವಿಷಯ ಬೇರೆ. ಮಗ ತನ್ನ ಹುಟ್ಟುಹಬ್ಬದ ದಿನ ಅಮ್ಮನಿಗೇ ಉಡುಗೊರೆ ಕೊಡುತ್ತಿದ್ದನಂತೆ. ಹೆತ್ತು ಕಷ್ಟಪಟ್ಟವಳು ನೀನು, ಉಡುಗೊರೆ ನನಗ್ಯಾಕೆ ಎನ್ನುತ್ತಿದ್ದನಂತೆ. ವರ್ಷದಲ್ಲಿ ಸಿಕ್ಕ ಚಿಪ್ಪಿನಲ್ಲೆಲ್ಲ ಚೆಂದದ್ದೊಂದನ್ನು ಕಿಟಕಿಕಟ್ಟೆಯ ಮೇಲೆ ಇಡುವುದು ಅವನ ವಾಡಿಕೆ. ಅವನು ಕಾಣೆಯಾದ ವಾರಕ್ಕೇ ಹುಟ್ಟುಹಬ್ಬ ಬಂತು. ಬೆಳಿಗ್ಗೆ ಕಿಟಕಿ ತೆರೆದರೆ ಚಿಪ್ಪು. ಅಂದಿನಿಂದ ಪ್ರತಿ ವರ್ಷ. ಇವತ್ತೂ.

“ಈ ವಾಡಿಕೆ ಯಾರಿಗೆಲ್ಲ ಗೊತ್ತು?”

“ಮನೆಯವರನ್ನ ಬಿಟ್ಟು ಯಾರಿಗೂ ಗೊತ್ತಿಲ್ಲ.”

ತಿಂಗಳ ಕೊನೆಗೆ ಅಂಗಡಿಯನ್ನು ಪಕ್ಕದ ಬೇಕರಿಯವನಿಗೆ ಬಿಟ್ಟುಕೊಟ್ಟು, ಮಗನ ಫೋಟೋ ಹಿಡಿದು ಬಂದರಿನಿಂದ ಬಂದರಿಗೆ ಹುಡುಕಿಕೊಂಡು ಹೋಗುವುದಾಗಿ ಟೈಲರಮ್ಮ ಹೇಳಿದರು. ಠಾಣೆಯ ಮೆಟ್ಟಿಲು ಹತ್ತುವಾಗಲೇ ಅವರು ಎರಡು ಸಲ ಕಂಬ ಹಿಡಿದು ನಿಂತಿದ್ದನ್ನು ಇನ್ಸ್‌ಪೆಕ್ಟರ್ ನೋಡಿದ್ದರು. ಒಂದು ವಾರ ತಡೆಯಿರಿ ಎಂದು ಬೇಡಿಕೊಂಡರು.

*

ಚಿಪ್ಪಿನ ಮೇಲೆ ಬೆರಳಚ್ಚು ಇರಲಿಲ್ಲ. ತೆಳ್ಳಗೆ ಎಣ್ಣೆ ಸವರಿತ್ತು, ಅಷ್ಟೇ.

ಇನ್ಸ್‌ಪೆಕ್ಟರಿಗೆ ಮೊದಲು ಅನುಮಾನ ಬಂದದ್ದು ಬೇಕರಿಯವನ ಮೇಲೆ. ಟೈಲರಮ್ಮನ ಮೂಲೆಯಂಗಡಿಯ ಮೇಲೆ ಅವನಿಗೆ ಬಹಳ ದಿನದ ಕಣ್ಣು. ಟೈಲರಮ್ಮ ಊರು ಬಿಟ್ಟರೆ ಅವನಿಗೆ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತೆ. ಬಂದರುಗಳ ಹೆಸರು ಬರೆದುಕೊಟ್ಟವನೂ ಅವನೇ. ಅವನ ಕಪಾಟಿನಲ್ಲಿ ಅಲಂಕಾರಕ್ಕೆಂದು ಚಿಪ್ಪುಗಳೂ ಇದ್ದವು. ಇನ್ಸ್‌ಪೆಕ್ಟರ್ ಬಹಳ ಹೊತ್ತು ಗದರಿದರು. ಅವನು ಹಿಟ್ಟಿನ ಕೈ ಮುಗಿದು, ತಾನು ಈ ಊರಿಗೆ ಬಂದು ಎರಡು ವರ್ಷವೂ ಆಗಿಲ್ಲ ಎಂದ. ಅಂಗಡಿ ಬೇಕು ಎನ್ನುವುದು ನಿಜ, ಆದರೆ ಸತ್ತವರ ಹೆಸರಲ್ಲಿ ಆಟವಾಡುವಷ್ಟು ನೀಚನಲ್ಲ ಎಂದು ಅತ್ತೇಬಿಟ್ಟ.

ಎರಡು ವರ್ಷದಿಂದ ಇದ್ದವನು ಆರು ವರ್ಷದಿಂದ ಚಿಪ್ಪು ಇಡಲಾರ. ಇನ್ಸ್‌ಪೆಕ್ಟರ್ ಸೋತ ಮುಖ ಹೊತ್ತು ತಂಗಿಯ ಪ್ರಯೋಗಾಲಯಕ್ಕೆ ಹೋದರು.

*

ಹಿಂದಿನ ಕಾಲದಲ್ಲಿ ಸಮುದ್ರ ಎಷ್ಟು ಬೆಚ್ಚಗಿತ್ತು, ಎಷ್ಟು ತಣ್ಣಗಿತ್ತು ಎಂದು ಕಪ್ಪೆಚಿಪ್ಪು ಕೊಯ್ದು ತಿಳಿಯುವುದು ತಂಗಿಯ ಉದ್ಯೋಗ. ಅಕ್ಕ ಅದನ್ನು ಕಸದ ಜ್ಯೋತಿಷ್ಯ ಎಂದು ಹಂಗಿಸುತ್ತಿದ್ದರು. ಈಗ ಅದೇ ಜ್ಯೋತಿಷ್ಯದ ಮುಂದೆ ಸ್ಟೂಲು ಎಳೆದುಕೊಂಡು ಕೂತರು.

ತಂಗಿ ಚಿಪ್ಪನ್ನು ಬೆಳಕಿಗೆ ಹಿಡಿದಳು. ಒಣಗಿದರೆ ಇದರ ಕಂದು ಸಿಪ್ಪೆ ಉದುರಿಹೋಗುತ್ತದೆ, ಎಣ್ಣೆ ಸವರಿಟ್ಟರೆ ಮಾತ್ರ ಉಳಿಯುತ್ತದೆ ಎಂದಳು. ಯಾರೋ ಜೋಪಾನ ಮಾಡಿದ ಚಿಪ್ಪು ಇದು. ಇನ್ನೂ ಎರಡು ಬೇಕು, ಕೊಯ್ದು ನೋಡಬೇಕು.

ಮನೆಯೂ ಆಗಿದ್ದ ಅಂಗಡಿಗೆ ಇನ್ಸ್‌ಪೆಕ್ಟರ್ ಹೋಗಿ ಕೊಯ್ಯಬೇಕು ಎಂದಾಗ ಟೈಲರಮ್ಮ ಚಿಪ್ಪುಗಳ ಕಪಾಟಿಗೆ ಅಡ್ಡ ನಿಂತರು. ಆಮೇಲೆ, ಕತ್ತರಿ ಹಾಕದೆ ಅಂಗಿ ಆಗಲ್ಲ ಅಂತ ನಾನೇ ಜನಕ್ಕೆ ಹೇಳ್ತೀನಿ ಎಂದುಕೊಂಡು ಕಪಾಟು ತೆರೆದರು. ಮೊದಲ ವರ್ಷದ್ದೊಂದನ್ನು ಬಿಟ್ಟು ಯಾವ ಎರಡನ್ನಾದರೂ ಒಯ್ಯಿರಿ ಎಂದರು.

ಎರಡು ದಿನ ಕಳೆದು ತಂಗಿ ಅಕ್ಕನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಕೊಯ್ದ ಅಂಚಿನಲ್ಲಿ ಗೆರೆಗಳ ಸಾಲು. ವರ್ಷಕ್ಕೊಂದು ಗೆರೆ. ಆಹಾರ ಚೆನ್ನಾಗಿ ಸಿಕ್ಕ ವರ್ಷ ಗೆರೆಗಳ ನಡುವೆ ಜಾಗ ಅಗಲ, ಸಿಗದ ವರ್ಷ ಇಕ್ಕಟ್ಟು.

“ಒಂದೇ ಜಾಗದ ಚಿಪ್ಪುಗಳು ಒಂದೇ ಮೇಷ್ಟ್ರ ಹತ್ರ ಉಕ್ತಲೇಖನ ಬರೆದ ಮಕ್ಕಳಿದ್ದಂಗೆ ಅಕ್ಕ. ಎಲ್ಲರ ಸ್ಲೇಟಲ್ಲೂ ಒಂದೇ ಪಾಠ. ಇಲ್ಲಿ ನೋಡು, ಅಗಲ, ಅಗಲ, ಆಮೇಲೆ ಮೂರು ಇಕ್ಕಟ್ಟು. ಈ ಪಾಠ ಉತ್ತರದ ಬಂಡೆ ಹತ್ರ ಮಾತ್ರ.”

“ಅವನ ದೋಣಿ ಸಿಕ್ಕಿದ್ದು ದಕ್ಷಿಣದಲ್ಲಿ.”

“ಇನ್ನೂ ಇದೆ. ಈ ನಾಲ್ಕನೇ ಚಿಪ್ಪು ಈ ತಿಂಗಳು ಅದೇ ಬಂಡೆ ಹತ್ರ ನಾವು ಜೀವಂತ ತೆಗೆದಿದ್ದು. ಇಕ್ಕಟ್ಟು ಗೆರೆಗಳನ್ನ ಹೊಂದಿಸಿ ಇಟ್ಟರೆ, ಇದರ ಅಂಚಲ್ಲಿ ಆರು ಗೆರೆ ಜಾಸ್ತಿ. ನಿನ್ನ ಮೂರಕ್ಕೂ ಆ ಆರು ಇಲ್ಲ. ಕೊನೇ ಗೆರೆ ದಾಟಿ ಮೂರೂ ಬೆಳೆದಿರೋದು ಒಂದೇ ಅಳತೆ, ಕೂದಲೆಳೆಯಷ್ಟು.”

ಇನ್ಸ್‌ಪೆಕ್ಟರ್ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದರು. ಬೇರೆ ಬೇರೆ ವರ್ಷ ಕಿಟಕಿಗೆ ಬಂದ ಚಿಪ್ಪುಗಳು ಒಂದೇ ಸಲ ನೀರಿನಿಂದ ಮೇಲೆ ಬಂದಿದ್ದವು. ಆರು ವರ್ಷದ ಹಿಂದೆ. ಮಗ ಹೋದ ಋತುವಿನಲ್ಲಿ. ಗೆದ್ದ ಖುಷಿಯೇನೂ ಆಕೆಗೆ ಆಗಲಿಲ್ಲ.

*

ಟೈಲರಮ್ಮನ ಅಂಗಡಿಯಲ್ಲಿ ಎಲ್ಲರೂ ಸೇರಿದ್ದರು. ಬೇಕರಿಯವನು ಬಾಗಿಲಲ್ಲಿ ನಿಂತಿದ್ದ. ಮೆಕ್ಯಾನಿಕ್ ನೆಲದ ಮೇಲೆ ಕೂತು ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ. ತಿಂಗಳಿಗೊಮ್ಮೆ ಅವನು ತಪ್ಪದೆ ಬಂದು ಮಾಡುವ ಕೆಲಸ ಅದು. ಇನ್ಸ್‌ಪೆಕ್ಟರ್ ಎಣ್ಣೆ ಡಬ್ಬಿ ಎತ್ತಿ ಮೂಸಿ, ಮೆಲ್ಲಗೆ ಕೆಳಗಿಟ್ಟರು.

ಮೊದಲು ಗೆರೆಗಳ ವಿಷಯ ಬಿಡಿಸಿ ಹೇಳಿದರು. ಆಮೇಲೆ ಟೈಲರಮ್ಮನ ಪಕ್ಕ ಕೂತರು.

“ನಿಮ್ಮ ಮಗ ಬದುಕಿದ್ದಿದ್ರೆ ವರ್ಷವರ್ಷ ಹೊಸ ಚಿಪ್ಪು ತರ್ತಿದ್ದ ಅಮ್ಮ. ಅವನಿಗೆ ಚಿಪ್ಪಿಗೇನು ಬರ? ಇಟ್ಟವರ ಹತ್ರ ಇದ್ದಿದ್ದು ಒಂದೇ ಮೂಟೆ. ಅವತ್ತಿನ ಮೂಟೆ.”

ದೋಣಿ ಬರಿದಾಗಿ ಸಿಕ್ಕಿತ್ತು, ಮೂಟೆ ಮಾತ್ರ ದಡ ಸೇರಿತ್ತು. ಅಂದರೆ ಅವತ್ತು ಮಗ ಒಬ್ಬನೇ ಇರಲಿಲ್ಲ. ಚಿಪ್ಪಿಗೆ ಸವರಿದ್ದು ಹೊಲಿಗೆ ಯಂತ್ರದ ಎಣ್ಣೆ. ಟೈಲರಮ್ಮ ಹೊಸ ಚಿಪ್ಪನ್ನು ಕೈಯಿಂದ ಮುಟ್ಟಿಯೇ ಇರಲಿಲ್ಲ, ಹಾಗಾಗಿ ಆ ಎಣ್ಣೆ ಅವರ ಕೈಯದಲ್ಲ. ಇನ್ನು ಉಳಿದದ್ದು ಆ ವಾಡಿಕೆ.

“ಮನೆಯವರನ್ನ ಬಿಟ್ಟು ಯಾರಿಗೂ ಗೊತ್ತಿಲ್ಲ ಅಂದ್ರಿ. ಮಗ ಹೋದಮೇಲೆ ನೀವು ಒಬ್ಬರೇ. ಮನೆಯವರು ಅಂತ ಇನ್ಯಾರನ್ನ ಅಂದ್ಕೊಂಡು ಹೇಳಿದ್ರಿ?”

ಟೈಲರಮ್ಮ ತಿರುಗಿ ಮೆಕ್ಯಾನಿಕ್‌ನನ್ನು ನೋಡಿದರು. ಅವನ ಕೈಯಲ್ಲಿದ್ದ ಬಟ್ಟೆ ಆಗಲೇ ಮುದ್ದೆಯಾಗಿತ್ತು.

“ಜ್ವರ ಇರ್ಲಿಲ್ಲಮ್ಮ,” ಎಂದ.

ಉಳಿದದ್ದನ್ನು ತಲೆ ಎತ್ತದೆ ಹೇಳಿದ. ಬೆಳಿಗ್ಗೆ ಇಬ್ಬರೂ ಸೇರಿ ಒಂದು ಮೂಟೆ ತುಂಬಿ ಉತ್ತರದ ಬಂಡೆಯ ಮೇಲೆ ಇಳಿಸಿದರು. ಇನ್ನೊಂದು ಸಲ ಮುಳುಗೋಣ ಎಂದು ಮಗ ಕರೆದ. ನಿದ್ದೆ ಬರ್ತಿದೆ, ನೀನೇ ಹೋಗು ಎಂದು ಇವನು ಬಂಡೆಯ ಮೇಲೆ ಮಲಗಿದ. ಎದ್ದಾಗ ದೋಣಿ ಕಾಣಲಿಲ್ಲ, ಅದು ಅಲೆಗೆ ತೇಲಿ ದಕ್ಷಿಣ ಸೇರಿತ್ತು. ಹಗ್ಗ ಹಿಡಿಯಬೇಕಾದವನು ಮಲಗಿದ್ದೆ ಎಂದು ಹೇಳಲು ನಾಲಿಗೆ ಏಳಲಿಲ್ಲ. ಮನೆಯಲ್ಲೇ ಇದ್ದೆ ಎಂದ ಮೇಲೆ ಎಲ್ಲಿ ಹುಡುಕಬೇಕೆಂದು ಹೇಳುವುದಕ್ಕೂ ಬಾಯಿಲ್ಲದೆ ಹೋಯಿತು. ಎಲ್ಲರೂ ದಕ್ಷಿಣದಲ್ಲಿ ಹುಡುಕಿದರು. ಅವನೂ ಅವರ ಜೊತೆ ದಕ್ಷಿಣದಲ್ಲೇ ಹುಡುಕಿದ.

“ಚಿಪ್ಪು ಯಾಕಿಟ್ಟೆ?” ಟೈಲರಮ್ಮನ ಧ್ವನಿ ಬರಿಯ ಉಸಿರಾಗಿತ್ತು.

“ಮೊದಲನೇದು ಅವನೇ ಆರಿಸಿದ್ದು. ಇದು ಅಮ್ಮಂಗೆ ಅಂತ ಬಂಡೆ ಮೇಲೆ ಬೇರೆ ತೆಗೆದಿಟ್ಟಿದ್ದ. ತಲುಪಿಸದೆ ಇರೋಕೆ ಆಗ್ಲಿಲ್ಲ. ಅದನ್ನ ನೋಡಿ ನೀವು ಅವತ್ತು ಊಟ ಮಾಡಿದ್ರಿ. ಮುಂದಿನ ವರ್ಷ ಇಡದೆ ಇದ್ರೆ ಏನ್ ಗತಿ ಅಂತ ಭಯ ಆಯ್ತು.”

“ಮೂಟೆ ಖಾಲಿ ಆಗಿದ್ರೆ ಏನ್ ಮಾಡ್ತಿದ್ದೆ?”

“ಗೊತ್ತಿಲ್ಲಮ್ಮ.”

ಟೈಲರಮ್ಮ ಎದ್ದು ಕಪಾಟಿನಿಂದ ಮೊದಲ ವರ್ಷದ ಚಿಪ್ಪನ್ನು ತೆಗೆದು ಎದೆಗೆ ಒತ್ತಿಕೊಂಡರು. ಅವನು ಹೋದಮೇಲೆ ಬಂದವುಗಳಲ್ಲಿ ಮಗ ಆರಿಸಿದ್ದು ಅದೊಂದೇ. ಕೊಯ್ಯಲು ಕೊಡುವುದಿಲ್ಲ ಎಂದು ಅವರು ಹಿಡಿದಿಟ್ಟಿದ್ದೂ ಅದೊಂದನ್ನೇ. ಇನ್ಸ್‌ಪೆಕ್ಟರಿಗೆ ಆಗ ಅಳು ಬಂತು, ಅದನ್ನು ಮುಚ್ಚಿಡಲೂ ಹೋಗಲಿಲ್ಲ.

“ನೀನು ಇನ್ನು ಇಲ್ಲಿಗೆ ಬರ್ಬೇಡ,” ಎಂದರು ಟೈಲರಮ್ಮ, ಮೆಕ್ಯಾನಿಕ್‌ನ ಕಡೆ ನೋಡದೆ.

*

ಉತ್ತರದ ಬಂಡೆಯ ಬುಡದಲ್ಲಿ, ಮೆಕ್ಯಾನಿಕ್ ತೋರಿಸಿದ ಜಾಗದಲ್ಲಿ, ಒಂದು ಸೊಂಟಪಟ್ಟಿ ಸಂದಿಗೆ ಸಿಕ್ಕಿಕೊಂಡಿತ್ತು. ಮುಳುಗುವವರು ಭಾರಕ್ಕೆ ಸೀಸ ತುಂಬಿ ಕಟ್ಟಿಕೊಳ್ಳುವಂಥದ್ದು. ಟೈಲರಮ್ಮ ಅದರ ಅಂಚಿನ ಮೇಲೆ ಬೆರಳಾಡಿಸಿದರು. ಎರಡೆಳೆ ನೈಲಾನ್ ದಾರ, ಅವರದೇ ಕೈಹೊಲಿಗೆ. ಒಂದು ಹೊಲಿಗೆಯೂ ಬಿಚ್ಚಿರಲಿಲ್ಲ. ಅದನ್ನು ಮಣ್ಣು ಮಾಡಿ, ಮೇಲೆ ಮಗನ ಹೆಸರಿನ ಕಲ್ಲು ನಿಲ್ಲಿಸಿದರು. ಅಂಗಡಿ ಬಿಡುವ ಮಾತು ಅಲ್ಲಿಗೆ ನಿಂತಿತು. ಬೇಕರಿಯವನು ತನ್ನ ಬಂದರುಗಳ ಚೀಟಿಯನ್ನು ತಾನೇ ಒಲೆಗೆ ಹಾಕಿದ.

ಸುಳ್ಳು ಹೇಳಿಕೆಗಾಗಿ ಕೋರ್ಟು ಮೆಕ್ಯಾನಿಕ್‌ಗೆ ಛೀಮಾರಿ ಹಾಕಿ, ದಂಡ ಕಟ್ಟಿಸಿಕೊಂಡು ಬಿಟ್ಟಿತು. ಟೈಲರಮ್ಮನ ಕೋರ್ಟು ಅಷ್ಟು ಬೇಗ ಬಿಡಲಿಲ್ಲ.

ಮುಂದಿನ ವರ್ಷದ ಹುಟ್ಟುಹಬ್ಬದ ಬೆಳಿಗ್ಗೆ ಇನ್ಸ್‌ಪೆಕ್ಟರ್ ಅಂಗಿಯೊಂದರ ನೆಪ ಮಾಡಿಕೊಂಡು ಅಂಗಡಿಗೆ ಹೋದರು. ಕಿಟಕಿಕಟ್ಟೆ ಬರಿದಾಗಿತ್ತು. ಹೊರಗೆ ಬೀದಿಯಲ್ಲಿ ಮೆಕ್ಯಾನಿಕ್ ಎಣ್ಣೆ ಸವರಿದ ಚಿಪ್ಪು ಹಿಡಿದು ನಿಂತಿದ್ದ. ಕಿಟಕಿಯ ಕಡೆ ಒಂದು ಹೆಜ್ಜೆ ಇಡುವನು, ಹಿಂದೆ ಸರಿಯುವನು.

ಟೈಲರಮ್ಮ ಒಳಗಿನಿಂದಲೇ ಹೇಳಿದರು, “ಕಿಟಕಿ ಕಳ್ಳರಿಗೆ ಕಣೋ. ಮನೆಯವರು ಬರೋದು ಬಾಗಿಲಿಂದ.”

ಅವನು ಬಾಗಿಲಲ್ಲಿ ಬಂದ. ಅವರು ಕೈ ಚಾಚಿ ಚಿಪ್ಪನ್ನು ತೆಗೆದುಕೊಂಡು ಕಪಾಟಿನಲ್ಲಿಟ್ಟರು. ಆಮೇಲೆ ಎಣ್ಣೆ ಡಬ್ಬಿಯನ್ನು ಅವನತ್ತ ಸರಿಸಿದರು.

“ಮೊದ್ಲು ಆ ಮಿಷನ್ ನೋಡು. ವರ್ಷದಿಂದ ಯಾರೂ ಮುಟ್ಟಿಲ್ಲ. ಕಿರ್ ಕಿರ್ ಅಂತ ಜೀವ ತಿಂತಿದೆ.”