ಮೂರನೇ ಗೆರೆ

ವಿಕ್ರಮ ಸಂವತ್ಸರದ ಯುಗಾದಿ. ಬೇವಿನ ಕಹಿ ನಾಲಿಗೆಯಿಂದ ಇಳಿಯುವ ಮೊದಲೇ ತಿಮ್ಮಣ್ಣ ಗುಡ್ಡದ ಬುಡಕ್ಕೆ ಬಂದು, ಕೈಯಲ್ಲಿ ಇದ್ದಿಲು ಹಿಡಿದು ಕಲ್ಲಿನ ಮುಂದೆ ಕುಳಿತಿದ್ದ.

ಜೇನು ಇಳಿಸುವ ಗಂಡಸರು ವರ್ಷದ ಮೊದಲ ದಿನ ಅಲ್ಲಿ ಗೆರೆ ಎಳೆಯುತ್ತಿದ್ದರು. ಏರುವ ಬಂಡೆಗೊಂದು ಗೆರೆ. ಎಳೆದ ಮೇಲೆ ಮುಂದಿನ ಯುಗಾದಿಯೊಳಗೆ ಏರಲೇಬೇಕು.

"ಹ್ವಾದ ವರ್ಷ ಒಂದ ಗೆರಿ ಎಳದಿದ್ದಿ. ಅದನ್ನೂ ಅರ್ಧ ಏರಿ ಇಳದಿದ್ದಿ."

ಹಿಂದೆ ನಿಂತವಳು ಹುಲಿಗವ್ವ. ಗುಡ್ಡದವ್ವನ ಪೂಜೆಗೆ ನೀರಿನ ಕೊಡ ತಂದಿದ್ದಳು. ಕೊಡ ಇಳಿಸುವ ಆತುರ ಅವಳಿಗೆ ಕಾಣಲಿಲ್ಲ.

"ಅರ್ಧ ಅಲ್ಲ, ಮುಕ್ಕಾಲು."

"ಜೇನ ಕಡದಿದ್ದು ಮಾತ್ರ ಪೂರಾ."

ತಿಮ್ಮಣ್ಣ ನಗುತ್ತಲೇ ಒಂದು ಗೆರೆ ಎಳೆದ. ಜೋಡಿಗಲ್ಲು. ಇನ್ನೊಂದು ಎಳೆದ. ಆನಿಗಲ್ಲು. ಆಮೇಲೆ ಒಂದು ಗಳಿಗೆ ತಡೆದು, ಎದ್ದು ನಿಂತು, ಎದೆಯೆತ್ತರದಿಂದ ಮೊಣಕಾಲಿನವರೆಗೆ ಮೂರನೆಯದನ್ನು ಎಳೆದ.

"ಇದು ಯಾವುದು?"

"ಹದ್ದಿನಕಲ್ಲು."

ಹುಲಿಗವ್ವನ ನಗು ತುಟಿಯ ಮೇಲೇ ನಿಂತುಬಿಟ್ಟಿತು.

ಹದ್ದಿನಕಲ್ಲನ್ನು ಬರಿಗೈಯಲ್ಲಿ ಏರಲಾಗದು. ಹಿಂದಿನಿಂದ ನೆತ್ತಿ ಸೇರಿ, ಅಲ್ಲಿಂದ ಹಗ್ಗದಲ್ಲಿ ಇಳಿದು, ತೂಗಾಡುತ್ತ ಜೇನುಹುಟ್ಟು ಕೊಯ್ಯಬೇಕು. ಆ ಹಗ್ಗವನ್ನು ಹೆಂಡತಿಯ ಒಡಹುಟ್ಟಿದವನೇ ಹಿಡಿಯಬೇಕು. ಬೇರೆಯವರ ಕೈ ಜಾರಿದರೂ ಜಾರೀತು, ತಂಗಿಯ ಕುಂಕುಮ ಅಳಿಸಲು ಯಾವ ಅಣ್ಣನ ಕೈಯೂ ಜಾರದು. ಮದುವೆಯಾಗದವನು ಆ ಗೆರೆ ಎಳೆದನೆಂದರೆ, ಈ ವರ್ಷ ಮದುವೆಯಾಗುತ್ತೇನೆಂದು ಗುಡ್ಡದ ಮುಂದೆ ಮಾತು ಕೊಟ್ಟ ಹಾಗೆ.

"ಹಗ್ಗ ಯಾರ ಹಿಡೀತಾರ?" ಅವಳ ದನಿ ಸಣ್ಣದಾಗಿತ್ತು.

ಅವನ ಕಣ್ಣು ಆಚೆ ಕಾಯಿ ಒಡೆಯುತ್ತಿದ್ದ ಅವಳ ಅಣ್ಣ ಕನಕಪ್ಪನವರೆಗೂ ಹೋಗಿ, ತಿರುಗಿ ಬಂದು, ಅವಳ ಮೂಗುಬಟ್ಟಿನ ಮೇಲೆ ಕುಳಿತಿತು.

"ಬಾಯಿಲೆ ಹೇಳು."

"ಗುಡ್ಡದ ಮುಂದ ಹೆಣ್ಣಮಗಳ ಹೆಸರ ಎತ್ತಬಾರದಲ್ಲ."

"ಗುಡ್ಡಕ್ಕ ಕಿವಿ ಅದಾವೇನು?"

"ನಿಮ್ಮಣ್ಣಗ ಅದಾವಲ್ಲ."

ಕನಕಪ್ಪ ಗೆರೆಯನ್ನೂ ತನ್ನತ್ತ ಬಂದ ಆ ನೋಟವನ್ನೂ ಕಂಡಿದ್ದ. ಆ ಸಂಜೆಯೇ ಪುಂಡಿನಾರು ತಂದು ಹಗ್ಗ ಹೊಸೆಯಲು ನೆನೆಹಾಕಿದ.

ಬೇಸಿಗೆಯಲ್ಲಿ ಜೋಡಿಗಲ್ಲು ಮುಗಿಯಿತು, ಕಾರಹುಣ್ಣಿವೆಯ ಮುಂಚೆ ಆನಿಗಲ್ಲು. ಎರಡು ಸಲವೂ ಬಾವಿಯ ಕಟ್ಟೆಯ ಮೇಲೆ ಮುತ್ತುಗದ ಎಲೆಯಲ್ಲಿ ಜೇನುಹುಟ್ಟಿನ ಚೂರೊಂದು ಹುಲಿಗವ್ವನಿಗಾಗಿ ಕಾದಿತ್ತು. ಜೇನು ಕಡಿದು ಮುಖ ಊದಿಸಿಕೊಂಡು ಬಂದ ತಿಮ್ಮಣ್ಣನಿಗೆ ಅವಳು, "ಇವತ್ತ ಭಾಳ ಛಲೋ ಕಾಣ್ತಿ" ಎಂದಿದ್ದಳು.

ಹುಲಿಗವ್ವನ ಮನೆಯಲ್ಲಿ ಹಗ್ಗ ದಿನಕ್ಕೆ ಮೊಳದಂತೆ ಬೆಳೆಯಿತು. ನಾರು ಹೊಸೆಯುತ್ತಿದ್ದವಳು ಅಕ್ಕ ಗಾಳೆಮ್ಮ. ಸಿಡುಬು ಅವಳ ಒಂದು ಕಣ್ಣು ತಿಂದಿತ್ತು. ಎಂಟು ವರ್ಷದಿಂದ ಅವಳನ್ನು ನೋಡಲು ಬಂದವರು ಬಂದ ದಾರಿಯಲ್ಲೇ ಹೋಗಿದ್ದರು. ಈಗ ಹಗ್ಗ ಹೊಸೆಯುತ್ತ ಅವಳು ಹಾಡುತ್ತಿದ್ದಳು. ತಂಗಿಯ ಸುಖ ಕಂಡು ಹಾಡುತ್ತಾಳೆಂದು ಹುಲಿಗವ್ವ ತಿಳಿದಳು.

ಶ್ರಾವಣದಲ್ಲಿ ಮಠದ ಪುರಾಣ ಕೇಳಿ ಬರುವಾಗ ಕನಕಪ್ಪ ತಿಮ್ಮಣ್ಣನನ್ನು ಮನೆಗೆ ಕರೆತಂದ. ಹುಲಿಗವ್ವ ಬಾಗಿಲ ಹಿಂದೆ ನಿಂತಳು.

"ದಸರಾ ಆದಮ್ಯಾಲ ಅಕ್ಕಿಕಾಳು ಹಾಕಿ ಮದಿವಿ ಮುಗಸೂಣು. ಗಾಳೆಮ್ಮಗ ಹೇಳೀನಿ."

"ಗಾಳೆಮ್ಮ..." ತಿಮ್ಮಣ್ಣ ಥಟ್ಟನೆ ತಲೆ ಎತ್ತಿದ.

"ಮತ್ತ? ಹಿರೇಳು ಮನ್ಯಾಗ ಇರಾಗ ಕಿರೇಳನ್ನ ಕೇಳೋ ಗಂಡಸೇನು ನೀ? ಎಲ್ಲಾರೂ ಅಕೀ ಕಣ್ಣ ನೋಡಿ ಹೋದ್ರು. ನೀ ಒಬ್ಬಾವ ಗುಣ ನೋಡಿದಿ." ಹೇಳುತ್ತ ಕನಕಪ್ಪ ಅವನ ಹೆಗಲ ಮೇಲೆ ಕೈಯಿಟ್ಟ.

ಗಾಳೆಮ್ಮ ನೀರು ತಂದಿಟ್ಟಳು. ಎಷ್ಟೋ ವರ್ಷದ ಮೇಲೆ ತಲೆಗೆ ಹೂವು ಮುಡಿದಿದ್ದಳು. ತಿಮ್ಮಣ್ಣ ಬಗ್ಗಿಸಿದ ತಲೆ ಎತ್ತದೆ ನೀರು ಕುಡಿದ.

ಮೂರು ದಿನ ಬಿಟ್ಟು ಅವನು ಹುಲಿಗವ್ವನನ್ನು ಗುಡ್ಡದ ಬುಡದಲ್ಲಿ ತಡೆದ. ಮಳೆಗೆ ಗೆರೆಗಳು ಮಾಸಿದ್ದವು.

"ಉಳದಿದ್ದನ್ನ ನಾ ಒರಸ್ತೀನಿ. ಒರಸಿದಾವಗ ಮತ್ತ ಈ ಗುಡ್ಡ ಏರಾಕ ಬಿಡೂದಿಲ್ಲ, ಹೋಗ್ಲಿ. ಸಂಸ್ಥಾನದ ಸರಹದ್ದು ದಾಟಿ ಗದಗಿಗೆ ಹೋಗೂಣು. ಹತ್ತಿ ಮಿಲ್ಲಿನ್ಯಾಗ ಕೂಲಿ ಸಿಗತೈತಿ. ನೀ ಹೂಂ ಅನ್ನು."

ಹೂಂ ಎಂಬುದು ಅವಳ ಗಂಟಲವರೆಗೂ ಬಂದಿತ್ತು.

"ಅಕ್ಕ ಹಾಡಾಕತ್ಯಾಳ" ಅಂದಳು.

"ಏನಂದಿ?"

"ಎಂಟ ವರ್ಷ ಅಕೀ ಹಾಡಿದ್ದ ನಾ ಕೇಳಿದ್ದಿಲ್ಲ."

"ಮತ್ತ ನಂದು? ನಿಂದು?"

ಹುಲಿಗವ್ವ ಬಗ್ಗಿ ಇದ್ದಿಲಿನ ಚೂರೊಂದನ್ನು ಆರಿಸಿಕೊಂಡಳು. ಮಾಸಿದ ಮೂರನೇ ಗೆರೆಯ ಮೇಲೆ ಮೇಲಿಂದ ಕೆಳಗೆ ಎಳೆದಳು. ಮತ್ತೊಮ್ಮೆ ಎಳೆದಳು. ಇದ್ದಿಲು ಬೆರಳಲ್ಲೇ ಪುಡಿಯಾಯಿತು.

ತಿಮ್ಮಣ್ಣ ಗೆರೆಯ ಹತ್ತಿರ ಬಂದ.

"ಇಷ್ಟ ಗಟ್ಟಿ ಎಳೀಬೇಕಿತ್ತೇನು?"

"ಹಗೂರ ಎಳದ್ರ ನಾನ ಒರಸ್ತಿದ್ನಿ."

ದಸರಾ ಕಳೆದು ಅಕ್ಕಿಕಾಳು ಬಿದ್ದಿತು. ದೀಪಾವಳಿಗೆ ಮುಂಚೆ ಹದ್ದಿನಕಲ್ಲು ಏರಿದರು. ನೆತ್ತಿಯಲ್ಲಿ ಕನಕಪ್ಪ ಹಗ್ಗ ಹಿಡಿದ. ಹಸಿರು ಬಳೆಯ ಗಾಳೆಮ್ಮ ಪಕ್ಕದಲ್ಲಿ ಕುಳಿತು ಹಗ್ಗದ ಗಂಟಿನ ಮೇಲೆ ಕೈಯಿಟ್ಟಿದ್ದಳು. ಕೆಳಗೆ ಬುಟ್ಟಿ ಇಳಿಸಿಕೊಳ್ಳುವವಳು ಹೆಂಡತಿಯ ತಂಗಿ. ಅದೂ ಪದ್ಧತಿಯೇ.

ಹೊಗೆಯೊಳಗೆ ತಿಮ್ಮಣ್ಣ ಅತ್ತಿತ್ತ ತೂಗುತ್ತಿದ್ದ. ಹಗ್ಗ ಅಲುಗಲಿಲ್ಲ. ಇಳಿದ ಮೊದಲ ಬುಟ್ಟಿಯ ಮೇಲುಗಡೆ ಮುತ್ತುಗದ ಎಲೆಯಲ್ಲಿ ಮಡಿಸಿದ ಹುಟ್ಟಿನ ಚೂರೊಂದಿತ್ತು.

ಹುಲಿಗವ್ವ ಅದನ್ನು ಸೆರಗಿಗೆ ಕಟ್ಟಿದಳು. ಎಲ್ಲರೂ ಇಳಿದು ಬಂದ ಮೇಲೆ ಅಕ್ಕನ ಕೈಗಿಟ್ಟಳು.

"ನಿನ್ನ ಗಂಡ ನಿನಗಂತ ಕಳಿಸ್ಯಾನ."

ಗಾಳೆಮ್ಮನ ಮುಖ ಕೆಂಪಾಯಿತು. ಹಗ್ಗ ಸುತ್ತುತ್ತಿದ್ದ ತಿಮ್ಮಣ್ಣ ಇತ್ತ ತಿರುಗಲಿಲ್ಲ.

"ಮಾಮಗ ಹೇಳಕ್ಕ, ಬರೂ ಯುಗಾದಿಗೆ ಗೆರಿ ಎಳೆಯಾಗ ಹೆಸರ ಹೇಳೇ ಎಳಿ ಅಂತ. ಗುಡ್ಡಕ್ಕ ಕಿವಿ ಇಲ್ಲ."

"ಹೇಳಾಕ ನಿನಗ ಬಾಯಿ ಇಲ್ಲೇನು?" ಎಂದು ನಗುತ್ತ ಗಾಳೆಮ್ಮ ಅರ್ಧ ಚೂರು ಮುರಿದು ತಂಗಿಯ ಬಾಯಿಗಿಟ್ಟಳು.

ಬಾಯಿ ತುಂಬ ಜೇನು.