ಎನಾಕ್ ಅದ್ದದೆ ಬಿಟ್ಟ ಬಟ್ಟಲು

ಇಂಗ್ಲೆಂಡಿನ ಬರ್ಸ್ಲೆಮ್‌ನ ಪಿಂಗಾಣಿ ಕಾರ್ಖಾನೆಯಲ್ಲಿ ನನ್ನ ಗಂಡ ಎನಾಕ್, ಸುಡುವ ಮೊದಲು ಬಟ್ಟಲುಗಳನ್ನು ಸೀಸ ಬೆರೆಸಿದ ಮೆರುಗಿನ ದ್ರವದಲ್ಲಿ ಅದ್ದುತ್ತಿದ್ದ. ಬೆರಳು ಹಿಡಿದ ಜಾಗಕ್ಕೆ ಮೆರುಗು ಹತ್ತುವುದಿಲ್ಲ. ಅದ್ದಿದವನೇ ಆಮೇಲೆ ಅಲ್ಲಿಗೊಂದು ಹನಿ ಸವರಬೇಕು. ಸೀಸದ ವಿಷ ಅವನ ಕೈಗಳನ್ನೇ ತಿಂದುಹಾಕಿತು. ಕೊನೆಕೊನೆಗೆ ಮಣಿಕಟ್ಟು ಜೋತುಬಿದ್ದು, ಗಂಜಿಯನ್ನೂ ನಾನೇ ಕುಡಿಸುತ್ತಿದ್ದೆ. ನನಗೆಂದು ತೆಗೆದಿಟ್ಟ ಒಂದು ಬಟ್ಟಲನ್ನು ಮಾತ್ರ ಅವನು ಬೇರೆಯವರ ಕೈಗೆ ಕೊಡಲಿಲ್ಲ.

"ಕೈ ಸರಿಹೋಗ್ಲಿ ಥಿರ್ಜಾ, ನಾನೇ ಅದ್ದಿ ಕೊಡ್ತೀನಿ."

ಅವನನ್ನು ಮಣ್ಣು ಮಾಡಿದ ವಾರ ಅದನ್ನು ಬೋಳಾಗಿಯೇ ಭಟ್ಟಿಯೊಳಗಿಡುವ ಸುಟ್ಟಮಣ್ಣಿನ ಪೆಟ್ಟಿಗೆಯಲ್ಲಿಟ್ಟು, ನನ್ನ ಕೈಯಾರೆ ಮುಚ್ಚಳದ ಸಂದಿಗೆ ಹಸಿಮಣ್ಣು ಮೆತ್ತಿ, ಭಟ್ಟಿಗೆ ಕೊಟ್ಟೆ.

"ಮೆರುಗಿಲ್ದೆ ಸುಟ್ರೆ ಚಹಾನೆಲ್ಲ ಅದೇ ಕುಡ್ಕೊಳ್ಳುತ್ತಲ್ಲಮ್ಮಾ" ಎಂದು ಮೇಸ್ತ್ರಿ ರಾಲ್ಫ್ ನಕ್ಕ.

ಮೂರನೆಯ ಬೆಳಿಗ್ಗೆ ಭಟ್ಟಿ ತೆರೆದರು. ನಾನು ಮೆತ್ತಿದ ಮಣ್ಣು ಹಾಗೇ ಇತ್ತು. ಒಡೆದು ನೋಡಿದರೆ ಬಟ್ಟಲು ಕೆನೆಬಣ್ಣದಲ್ಲಿ ಹೊಳೆಯುತ್ತಿತ್ತು.

"ಪಕ್ಕದ್ ಬಟ್ಟಲಿನ ಮೆರುಗಿನ ಆವಿ ತಾಕಿರ್ಬೇಕು" ಎಂದ ರಾಲ್ಫ್. ಪೆಟ್ಟಿಗೆಯಲ್ಲಿ ಇದ್ದದ್ದು ಅದೊಂದೇ. ಅವನು ಅದನ್ನು ತಿರುಗಿಸಿ ನೋಡಿ ನನ್ನ ಕೈಗೆ ಕೊಟ್ಟ. ಬುಡದಲ್ಲಿ ಎರಡು ಬೋಳು ಗುರುತುಗಳಿದ್ದವು: ಒಂದು ಹೆಬ್ಬೆರಳು, ಇನ್ನೊಂದು ಎನಾಕನ ತುದಿ ತುಂಡಾದ ತೋರುಬೆರಳು.

ಹನಿ ಸವರುವುದನ್ನು ಅವನು ಎಂದೂ ಮರೆತವನಲ್ಲ.

ಬಟ್ಟಲು ನನ್ನ ಕಿಟಕಿಯಲ್ಲಿದೆ. ನಿನ್ನೆ ಬೆಳಿಗ್ಗೆ ನೋಡಿದಾಗ ಹೆಬ್ಬೆರಳಿನ ಗುರುತು ಮುಚ್ಚಿತ್ತು. ಮುಟ್ಟಿದೆ. ಮೆರುಗು ಇನ್ನೂ ಹಸಿಯಾಗಿತ್ತು.